ಇಲ್ಲದ ಪ್ರೋಟೀನನ್ನೂ ಅಳೆದ ಕಿಟ್: ಝೊನುಲಿನ್ ಪ್ರಕರಣ

ಜರ್ಮನಿಯ ಲೈಪ್‌ಝಿಗ್‌ನ ಸಂಶೋಧಕರು 376 ಜನರ ರಕ್ತದ ಸೀರಮ್‌ನಲ್ಲಿ ಝೊನುಲಿನ್ ಎಂಬ ಪ್ರೋಟೀನಿನ ಮಟ್ಟ ಅಳೆದರು. ಕರುಳಿನ ಒಳಪದರ ಸಡಿಲಾಗಿ ಸೋರುತ್ತಿದೆ ಎಂಬುದರ ಗುರುತು ಎಂದು ಅದನ್ನು ಅಳೆಯುವುದು ರೂಢಿ. ಆ ಜನ ಸೋರ್ಬ್ ಎಂಬ ಸಣ್ಣ ಸ್ಲಾವಿಕ್ ಸಮುದಾಯದವರು. ಪೂರ್ವ ಜರ್ಮನಿಯಲ್ಲಿ ತಲೆಮಾರುಗಳಿಂದ ಬಹುಮಟ್ಟಿಗೆ ತಮ್ಮೊಳಗೇ ಸಂಬಂಧ ಬೆಳೆಸಿಕೊಂಡು ಬಂದವರಾದ್ದರಿಂದ ವಂಶವಾಹಿ ಅಧ್ಯಯನಗಳಿಗೆ ಅವರ ರಕ್ತದ ಮಾದರಿಗಳು ತುಂಬಾ ಉಪಯುಕ್ತ. ಅಳೆಯಲು ಬಳಸಿದ್ದು ಮಾರುಕಟ್ಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಒಂದು ಎಲೈಸಾ ಕಿಟ್, ಅಂದರೆ ಪ್ರೋಟೀನನ್ನು ಪ್ರತಿಕಾಯಗಳಿಂದ (ಗುರುತು ಹಿಡಿದು ಅಂಟಿಕೊಳ್ಳುವ ಅಣುಗಳಿಂದ) ಹಿಡಿದು ಬಣ್ಣದ ಮೂಲಕ ಅಳೆಯುವ ಸಾಧನ. ಫಲಿತಾಂಶ ನಿರೀಕ್ಷೆಯಂತೆಯೇ ಬಂತು: ದಪ್ಪಗಿದ್ದವರಲ್ಲಿ ಹೆಚ್ಚು, ಮಧುಮೇಹ ಇದ್ದವರಲ್ಲಿ ಹೆಚ್ಚು. ಅಲ್ಲಿಗೇ ನಿಲ್ಲಿಸಿದ್ದರೂ ಒಂದು ಪ್ರಬಂಧ ಆರಾಮಾಗಿ ಆಗುತ್ತಿತ್ತು. ಅಂಥ ಪ್ರಬಂಧಗಳು ಆಗಲೇ ಬೇಕಾದಷ್ಟು ಬಂದಿದ್ದವು.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಅದೇ ಜನರ ಡಿಎನ್‌ಎ ಕೂಡ ಕೈಯಲ್ಲಿತ್ತು, ಹಾಗಾಗಿ ಝೊನುಲಿನ್ ತಯಾರಿಸುವ ಜೀನ್ ಯಾರಲ್ಲಿ ಯಾವ ರೂಪದಲ್ಲಿದೆ ಎಂದೂ ನೋಡಿದರು. ಜೀನಿಗೂ ಅಳತೆಗೂ ಯಾವ ಸಂಬಂಧವೂ ಕಾಣಲಿಲ್ಲ. ಆ ಜೀನೇ ಇಲ್ಲದವರ, ಎಂದರೆ ದೇಹದಲ್ಲಿ ಝೊನುಲಿನ್ ತಯಾರಾಗಲು ಸಾಧ್ಯವೇ ಇಲ್ಲದವರ ಸೀರಮ್ ಹಾಕಿದರೂ ಕಿಟ್ ಉಳಿದವರಷ್ಟೇ ತೋರಿಸುತ್ತಿತ್ತು. ಹಸು ಕಟ್ಟದ ಮನೆಯಿಂದ ಡೇರಿಗೆ ದಿನಾ ಹಾಲು ಬರುತ್ತಿದ್ದರೆ, ಕ್ಯಾನಿನಲ್ಲಿರುವುದು ಏನು ಎಂದು ನೋಡಲೇಬೇಕಾಗುತ್ತದೆ.

2018ರಲ್ಲಿ ಪ್ರಕಟವಾದ ಈ ಅಧ್ಯಯನ ಉರಿಯೂತದ ಪ್ರೋಟೀನುಗಳನ್ನು ಕಿಟ್‌ಗಳಿಂದ ಅಳೆಯುವವರೆಲ್ಲ ಒಮ್ಮೆ ಓದಬೇಕಾದದ್ದು ಎಂದು ನನ್ನ ಅಭಿಪ್ರಾಯ. ಹಗರಣ ಎನ್ನುವಂಥದ್ದು ಇದರಲ್ಲಿ ಏನೂ ಇಲ್ಲ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಅಂಕಿ ತಿದ್ದಲಿಲ್ಲ. ಪ್ರತಿಯೊಬ್ಬರೂ ಕಿಟ್ ಜೊತೆ ಬಂದ ಸೂಚನಾ ಹಾಳೆಯಂತೆಯೇ ಕೆಲಸ ಮಾಡಿದ್ದರು.

ಝೊನುಲಿನ್ ಕಥೆ ಶುರುವಾಗುವುದು ಕಾಲರಾದಿಂದ. 1959ರಲ್ಲಿ ಕಲ್ಕತ್ತೆಯ ಶಂಭುನಾಥ್ ಡೇ ಕಾಲರಾ ಬ್ಯಾಕ್ಟೀರಿಯಾ ಸ್ರವಿಸುವ ವಿಷವನ್ನು ತೋರಿಸಿಕೊಟ್ಟಿದ್ದರು. ಮುಂದೆ ಜೀನ್ ತಂತ್ರಜ್ಞಾನ ಬಂದಾಗ, ಆ ವಿಷದ ಜೀನನ್ನು ತೆಗೆದುಹಾಕಿದ ಬ್ಯಾಕ್ಟೀರಿಯಾವನ್ನೇ ಲಸಿಕೆಯಾಗಿ ಕುಡಿಸುವ ಪ್ರಯತ್ನ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆಯಿತು. ವಿಷ ಇಲ್ಲದಿದ್ದರೂ ಕೆಲವು ಸ್ವಯಂಸೇವಕರಿಗೆ ಸಣ್ಣಗೆ ಭೇದಿಯಾಯಿತು. ಕಾರಣ ಹುಡುಕುತ್ತ ಹೋದ ಅಲೆಸ್ಸಿಯೊ ಫಸಾನೊ ಮತ್ತು ಸಂಗಡಿಗರು 1991ರಲ್ಲಿ ಝಾಟ್ ಎಂಬ ಇನ್ನೊಂದು ವಿಷವನ್ನು ವರದಿ ಮಾಡಿದರು. ಕರುಳಿನ ಒಳಪದರದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವ ಕಡೆ ಅದು ಸಡಿಲ ಮಾಡುತ್ತಿತ್ತು. ಹಾಗಿದ್ದರೆ ನಮ್ಮದೇ ದೇಹದಲ್ಲಿ ಇಂಥ ಕೆಲಸ ಮಾಡುವ ಪ್ರೋಟೀನ್ ಇರಬಹುದಲ್ಲವೇ? ಝಾಟ್ ವಿರುದ್ಧ ತಯಾರಿಸಿದ ಪ್ರತಿಕಾಯಗಳನ್ನು ಹಿಡಿದುಕೊಂಡು ಮನುಷ್ಯರ ಕರುಳಿನಲ್ಲಿ ಹುಡುಕಿದರು. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಝೊನುಲಿನ್ ಎಂಬ ಹೆಸರು ಬಂತು. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಲ್ಲಿ ಅದು ಹೆಚ್ಚು ಎಂಬುದು ಮುಖ್ಯ ಸುದ್ದಿ.

ಆದರೆ ಅದು ಯಾವ ಪ್ರೋಟೀನ್? ಹೆಸರು ಬಂದು ಒಂಬತ್ತು ವರ್ಷದ ಮೇಲೆ, 2009ರಲ್ಲಿ, ಅದೇ ಗುಂಪು ಉತ್ತರ ಕೊಟ್ಟಿತು: ಝೊನುಲಿನ್ ಎಂದರೆ ಹ್ಯಾಪ್ಟೋಗ್ಲೋಬಿನ್-2ರ ಕತ್ತರಿಸದ ಪೂರ್ವರೂಪ. ಈ ಪ್ರಕರಣದ ಗಂಟು ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು.

ಹ್ಯಾಪ್ಟೋಗ್ಲೋಬಿನ್ ಕೂಡ ಉರಿಯೂತದ ಪ್ರೋಟೀನೇ. ಒಡೆದ ಕೆಂಪು ರಕ್ತಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನ್ನನ್ನು ಹಿಡಿದು ಸಾಗಿಸುವುದು ಅದರ ಕೆಲಸ. ಜ್ವರ, ಸೋಂಕು, ಗಾಯ ಯಾವುದಾದರೂ ಆದರೆ ಯಕೃತ್ತು ಅದನ್ನು ಹೆಚ್ಚು ಹೆಚ್ಚು ಬಿಡುತ್ತದೆ. ಮನುಷ್ಯರಲ್ಲಿ ಅದಕ್ಕೆ ಮುಖ್ಯವಾಗಿ ಎರಡು ಬಗೆಯ ಜೀನ್, 1 ಮತ್ತು 2. ತಾಯಿಯಿಂದ ಒಂದು, ತಂದೆಯಿಂದ ಒಂದು ಬರುವುದರಿಂದ ಜನ 1-1, 2-1, 2-2 ಎಂದು ಮೂರು ಗುಂಪಾಗುತ್ತಾರೆ. ಈ ಮೂರು ಗುಂಪನ್ನು 1955ರ ಸುಮಾರಿಗೆ ಟೊರಾಂಟೊದಲ್ಲಿ ಮೊದಲು ಗುರುತಿಸಿದವರು ಆಲಿವರ್ ಸ್ಮಿಥೀಸ್. ಅಮ್ಮ ಬಟ್ಟೆಗೆ ಹಾಕುತ್ತಿದ್ದ ಗಂಜಿ ಆರಿದ ಮೇಲೆ ಗಟ್ಟಿಯಾಗುತ್ತಿದ್ದದ್ದು ನೆನಪಾಗಿ, ಪ್ರೋಟೀನುಗಳನ್ನು ಬೇರ್ಪಡಿಸಲು ಗಂಜಿಯದೇ ಜೆಲ್ ಮಾಡಿದರು. ಬೇರೆ ವಿಷಯಕ್ಕೆ 2007ರಲ್ಲಿ ನೊಬೆಲ್ ಪಡೆದರು, ಆದರೆ ಜೀವರಸಾಯನಶಾಸ್ತ್ರ ಓದಿದವರಿಗೆ ಅವರು ಇಂದಿಗೂ ಗಂಜಿ ಜೆಲ್‌ನ ಸ್ಮಿಥೀಸ್.

ಎರಡನೆಯ ಜೀನ್ ಮೊದಲನೆಯದರ ಒಂದು ತುಂಡು ಇಮ್ಮಡಿಯಾಗಿ ಹುಟ್ಟಿದ್ದು. ಎರಡೂ ಜೀನ್‌ಗಳ ಪ್ರೋಟೀನ್ ಮೊದಲು ಒಂದೇ ಉದ್ದ ಸರಪಳಿಯಾಗಿ ತಯಾರಾಗಿ, ಜೀವಕೋಶದೊಳಗೇ ಎರಡಾಗಿ ಕತ್ತರಿಸಲ್ಪಟ್ಟು ಹೊರಬರುತ್ತದೆ. ಕತ್ತರಿಸದೆ ಉಳಿದ ಹ್ಯಾಪ್ಟೋಗ್ಲೋಬಿನ್-2 ಮಾತ್ರ ಕರುಳಿನ ಬಿಗಿಯನ್ನು ಸಡಿಲಿಸುತ್ತದೆ, ಕತ್ತರಿಸಿದ ಮೇಲೆ ಆ ಗುಣ ಹೋಗುತ್ತದೆ ಎಂಬುದು 2009ರ ವಾದ. ಅದನ್ನು ಒಪ್ಪಿದರೆ ಒಂದು ಮಾತು ತಾನಾಗಿಯೇ ಬರುತ್ತದೆ: 1-1 ಗುಂಪಿನವರ ರಕ್ತದಲ್ಲಿ ಝೊನುಲಿನ್ ಇರಲಾರದು. ಸೀರಮ್‌ನಲ್ಲಿ ಕಡಿಮೆ ಇದೆ ಎನ್ನುವ ಪ್ರಶ್ನೆಯಲ್ಲ ಇದು, ಇಲ್ಲವೇ ಇಲ್ಲ. ಸಾಮಾನ್ಯವಾಗಿ ಒಂದು ಕಿಟ್ಟನ್ನು ಪರೀಕ್ಷಿಸಲು ಆ ಪ್ರೋಟೀನ್ ಪೂರ್ತಿ ಇಲ್ಲದ ಮನುಷ್ಯರ ಸೀರಮ್ ಸಿಗುವುದೇ ಇಲ್ಲ. ಸಿಆರ್‌ಪಿ ಎಂಬ ಉರಿಯೂತದ ಪ್ರೋಟೀನ್ ಇಲ್ಲದ ಮನುಷ್ಯ ಎಲ್ಲಿದ್ದಾನೆ? ಝೊನುಲಿನ್ ವಿಷಯದಲ್ಲಿ ಪ್ರಕೃತಿಯೇ ಅಂಥವರನ್ನು ಕೊಟ್ಟಿದೆ, ಯುರೋಪಿನಲ್ಲಂತೂ ಸುಮಾರು ಆರೇಳು ಜನರಲ್ಲಿ ಒಬ್ಬರಂತೆ. ಇಷ್ಟಾಗಿಯೂ ಝೊನುಲಿನ್ ಅಳೆದು ವರದಿ ಮಾಡಿದ ಬಹುತೇಕರು ಆ ಒಬ್ಬರನ್ನು ಹುಡುಕಿ ನೋಡುವ ಗೋಜಿಗೆ ಹೋಗಿರಲಿಲ್ಲ. ಇದು ನನಗೆ ಈಗಲೂ ಅಚ್ಚರಿ.

ಇನ್ನು ಕಿಟ್. ಎಲೈಸಾ ತಂತ್ರ 1971ರಿಂದ ಇದೆ, ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಅವರದ್ದು. ಉರಿಯೂತದ ಪ್ರೋಟೀನುಗಳಿಗೆ ಇಂದು ಹೆಚ್ಚಾಗಿ ಸಿಗುವುದು ಸ್ಯಾಂಡ್‌ವಿಚ್ ಮಾದರಿ. ತೊಂಬತ್ತಾರು ಸಣ್ಣ ಗುಳಿಗಳ (ವೆಲ್‌ಗಳ) ಪ್ಲೇಟಿನ ತಳಕ್ಕೆ ಅಂಟಿಸಿದ ಒಂದು ಪ್ರತಿಕಾಯ ಪ್ರೋಟೀನನ್ನು ಒಂದು ತುದಿಯಲ್ಲಿ ಹಿಡಿಯುತ್ತದೆ, ಆಮೇಲೆ ಹಾಕುವ ಇನ್ನೊಂದು ಪ್ರತಿಕಾಯ ಮತ್ತೊಂದು ಕಡೆ ಹಿಡಿಯುತ್ತದೆ. ಎರಡೂ ಹಿಡಿದರೆ ಮಾತ್ರ ಬಣ್ಣ. ತಪ್ಪು ಪ್ರೋಟೀನ್ ಎರಡೂ ಕಡೆ ದಾಟಿ ಹೋಗುವುದು ಕಷ್ಟ. ಲೈಪ್‌ಝಿಗ್‌ನಲ್ಲಿ ಬಳಸಿದ ಇಮ್ಯೂನ್‌ಡಯಾಗ್ನೋಸ್ಟಿಕ್ ಕಂಪನಿಯ ಕಿಟ್ ಆ ಬಗೆಯದ್ದಲ್ಲ, ಸ್ಪರ್ಧಾತ್ಮಕ ಮಾದರಿ. ಅದರಲ್ಲಿ ಕಿಟ್ಟೇ ಒದಗಿಸುವ ಬಯೋಟಿನ್ ಗುರುತಿನ ಝೊನುಲಿನ್ ಒಂದು ಕಡೆ, ರೋಗಿಯ ಸೀರಮ್‌ನಲ್ಲಿರುವುದು ಇನ್ನೊಂದು ಕಡೆ, ಎರಡೂ ಒಂದೇ ಪ್ರತಿಕಾಯಕ್ಕೆ ಪೈಪೋಟಿ ಮಾಡುತ್ತವೆ. ಬಣ್ಣ ಬರುವುದು ಗುರುತಿನ ಝೊನುಲಿನ್‌ನಿಂದ ಮಾತ್ರ. ಸೀರಮ್‌ನಲ್ಲಿ ಹೆಚ್ಚಿದ್ದಷ್ಟೂ ಬಣ್ಣ ಕಡಿಮೆ. ಈ ಮಾದರಿಯ ತೊಡಕು ಏನೆಂದರೆ, ಗುರುತಿನ ಪ್ರೋಟೀನಿಗೆ ಜಾಗ ಸಿಗದಂತೆ ಮಾಡುವ ಯಾವುದೇ ವಸ್ತು ಬಣ್ಣ ಇಳಿಸುತ್ತದೆ. ಇಳಿದ ಬಣ್ಣವನ್ನು ರೀಡರ್ ಹೆಚ್ಚು ಝೊನುಲಿನ್ ಎಂದೇ ಲೆಕ್ಕ ಹಾಕುತ್ತದೆ. ಪ್ರತಿಕಾಯವೂ ಪಾಲಿಕ್ಲೋನಲ್, ಅಂದರೆ ಬೇರೆ ಬೇರೆ ತುಣುಕುಗಳನ್ನು ಗುರುತಿಸುವ ಪ್ರತಿಕಾಯಗಳ ಮಿಶ್ರಣ.

ಪ್ರಮಾಣವನ್ನೂ ನೋಡಿ. ಇಂಥ ಕಿಟ್‌ಗಳು ಸೀರಮ್‌ನಲ್ಲಿ ತೋರಿಸುವ ಝೊನುಲಿನ್ ಒಂದು ಮಿಲಿಲೀಟರಿಗೆ ಹತ್ತಾರು ನ್ಯಾನೊಗ್ರಾಂ. ಅದೇ ಮಿಲಿಲೀಟರಿನಲ್ಲಿ ಮಾಮೂಲು ಹ್ಯಾಪ್ಟೋಗ್ಲೋಬಿನ್ ಇರುವುದು ಸುಮಾರು ಒಂದು ಮಿಲಿಗ್ರಾಂ, ಅಂದರೆ ಹತ್ತು ಲಕ್ಷ ನ್ಯಾನೊಗ್ರಾಂ. ಕತ್ತರಿಸಿದ ರೂಪಕ್ಕೂ ಕತ್ತರಿಸದ ರೂಪಕ್ಕೂ ಅಮೈನೊ ಆಮ್ಲಗಳ ಸಾಲು ಹೆಚ್ಚುಕಡಿಮೆ ಅದೇ. ಹತ್ತಾರು ಸಾವಿರ ಪಟ್ಟು ಹೆಚ್ಚಿರುವ ಜೋಡಿಯನ್ನು ಬಿಟ್ಟು ಅಪರೂಪದ ರೂಪವನ್ನಷ್ಟೇ ಹಿಡಿಯಬೇಕು ಎಂದರೆ ಪ್ರತಿಕಾಯ ಎಷ್ಟು ಚೊಕ್ಕವಾಗಿರಬೇಕು! ಕಿಟ್ ಕೊಳ್ಳುವ ಮುಂಚೆ ಕಾಗದದ ಮೇಲೆ ಈ ಭಾಗಾಕಾರ ಮಾಡಿದ್ದರೂ ಅನುಮಾನ ಬರಬೇಕಿತ್ತು.

ಲೈಪ್‌ಝಿಗ್ ಗುಂಪು ಮುಂದೆ ಮಾಡಿದ್ದು ಮಾದರಿ ಕೆಲಸ. ಕಿಟ್ಟಿನ ಅಳತೆಯಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬಂದ ಸೀರಮ್‌ಗಳನ್ನು ಆರಿಸಿಕೊಂಡರು. ಕಿಟ್ಟಿನ ಪ್ರತಿಕಾಯದಿಂದಲೇ ಆ ಸೀರಮ್‌ನಲ್ಲಿ ಏನು ಸಿಕ್ಕಿಕೊಳ್ಳುತ್ತದೋ ಅದನ್ನು ಹಿಡಿದು ಹೊರತೆಗೆದರು. ಹಿಡಿದದ್ದನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರು. ಈ ಯಂತ್ರಕ್ಕೆ ಪ್ರತಿಕಾಯದ ಹಂಗಿಲ್ಲ, ಪ್ರೋಟೀನಿನ ತುಣುಕುಗಳನ್ನು ತೂಗಿ ಹೆಸರು ಹೇಳುತ್ತದೆ. ಸಿಕ್ಕ ಪ್ರೋಟೀನುಗಳು ಹಲವು. ಯಾವುದೂ ಹ್ಯಾಪ್ಟೋಗ್ಲೋಬಿನ್-2ರ ಪೂರ್ವರೂಪ ಆಗಿರಲಿಲ್ಲ. ಸಿಕ್ಕವುಗಳಲ್ಲಿ ಎದ್ದು ಕಂಡದ್ದು ಕಾಂಪ್ಲಿಮೆಂಟ್ ಸಿ3, ಸೋಂಕಿನ ವಿರುದ್ಧ ಕೆಲಸ ಮಾಡುವ ರಕ್ತದ ಒಂದು ಮುಖ್ಯ ಪ್ರೋಟೀನ್.

ಹಿಡಿದದ್ದೆಲ್ಲ ಅಳತೆಗೆ ಬಂದಿದೆ ಎಂದೇನೂ ಅಲ್ಲ. ಸೀರಮ್‌ನಲ್ಲಿ ಧಾರಾಳವಾಗಿರುವ ಪ್ರೋಟೀನುಗಳು ಸುಮ್ಮನೆ ಅಂಟಿಕೊಂಡು ಬರುವುದುಂಟು. ಅದಕ್ಕೆ ಉಲ್ಟಾ ಪರೀಕ್ಷೆ. ಪ್ರಯೋಗಾಲಯದಲ್ಲಿ ತಯಾರಿಸಿದ ಶುದ್ಧ ಪೂರ್ವರೂಪವನ್ನು ಏರುವ ಪ್ರಮಾಣದಲ್ಲಿ ಕಿಟ್ಟಿಗೆ ಹಾಕಿದರು. ಕಿಟ್ ಅದನ್ನು ಗುರುತಿಸಲಿಲ್ಲ. ಶುದ್ಧ ಸಿ3 ಹಾಕಿದರು. ಅದನ್ನೂ ಗುರುತಿಸಲಿಲ್ಲ. ಹಾಗಿದ್ದರೆ ಅಳತೆಗೆ ಬರುತ್ತಿರುವುದು ಇನ್ಯಾವುದೋ. ಗಾತ್ರ, ರಚನೆ, ಕೆಲಸ ಇವನ್ನೆಲ್ಲ ಹೋಲಿಸಿ ಪ್ರಾಪರ್ಡಿನ್ ಎಂಬ ಹೆಸರನ್ನು ಅವರು ಮುಂದಿಟ್ಟರು. ಅದೂ ಕಾಂಪ್ಲಿಮೆಂಟ್ ಬಳಗದ್ದೇ, ಉರಿಯೂತದ ಕೆಲಸಕ್ಕೆ ಸೇರಿದ್ದೇ. ಇದನ್ನು ಖಡಾಖಂಡಿತ ತೀರ್ಪು ಎಂದು ಓದಬಾರದು, ಅವರೂ ಹಾಗೆ ಬರೆದಿಲ್ಲ. ಕಿಟ್ ಏನನ್ನು ಅಳೆಯುತ್ತಿಲ್ಲ ಎಂಬುದು ಚೆನ್ನಾಗಿ ಗೊತ್ತಾಯಿತು. ಏನನ್ನು ಅಳೆಯುತ್ತಿದೆ ಎಂಬುದಕ್ಕೆ ಸಿಕ್ಕದ್ದು ಒಂದು ಒಳ್ಳೆಯ ಊಹೆ.

ಈ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಸ್ವತಃ ಅಲೆಸ್ಸಿಯೊ ಫಸಾನೊ ಇದ್ದಾರೆ. ಝೊನುಲಿನ್ ಕಂಡುಹಿಡಿದವರು, ಅದನ್ನೇ ಗುರಿಯಾಗಿಸಿದ ಔಷಧಿಗಾಗಿ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಜನಪ್ರಿಯ ಕಿಟ್ ತಮ್ಮ ಪ್ರೋಟೀನನ್ನು ಅಳೆಯುತ್ತಿಲ್ಲ ಎಂಬ ಪ್ರಬಂಧಕ್ಕೆ ಅವರು ಹೆಸರು ಹಾಕಿದ್ದು ಸಣ್ಣ ವಿಷಯವಲ್ಲ. ಆದರೂ ಪ್ರಬಂಧದ ಶೀರ್ಷಿಕೆಯಲ್ಲಿ ಪ್ರಾಪರ್ಡಿನ್ನನ್ನು ಝೊನುಲಿನ್ ಕುಟುಂಬದ ಎರಡನೇ ಸದಸ್ಯ ಆಗಿರಬಹುದು ಎಂದು ಕರೆದದ್ದು ನನಗೆ ಹಿಡಿಸಲಿಲ್ಲ. ಕಿಟ್ ತಪ್ಪು ಪ್ರೋಟೀನನ್ನು ಹಿಡಿದಿದೆ ಎಂದು ಗೊತ್ತಾದಾಗ, ಆ ಪ್ರೋಟೀನನ್ನೇ ಮನೆತನಕ್ಕೆ ಸೇರಿಸಿಕೊಂಡರೆ ಹಳೆಯ ಅಳತೆಗಳೆಲ್ಲ ಅರ್ಧ ಉಳಿದುಕೊಳ್ಳುತ್ತವೆ. ಪ್ರಾಪರ್ಡಿನ್ ಕರುಳಿನ ಬಿಗಿ ಸಡಿಲಿಸುತ್ತದೆ ಎಂದು ಬೇರೆ ಪ್ರಯೋಗದಿಂದ ತೋರಿಸಿದ ಮೇಲೆ ಆ ಹೆಸರು ಕೊಡಬಹುದಿತ್ತು.

ಮರುವರ್ಷ, 2019ರ ಆರಂಭದಲ್ಲಿ, ಮೆಲ್ಬರ್ನ್‌ನಿಂದ ಇನ್ನೊಂದು ಅಧ್ಯಯನ ಬಂತು. ಅಲ್ಲಿ ಹೋಲಿಸಿದ್ದು ಎರಡು ಕಂಪನಿಗಳ ಕಿಟ್, ಇಮ್ಯೂನ್‌ಡಯಾಗ್ನೋಸ್ಟಿಕ್ ಮತ್ತು ಕುಸಾಬಯೊ. ತೀರ್ಮಾನ ಇನ್ನೂ ಕಟುವಾಗಿತ್ತು: ಎರಡು ಕಿಟ್‌ಗಳು ಎರಡು ಬೇರೆ ಬೇರೆ ಪ್ರೋಟೀನುಗಳನ್ನು ಹಿಡಿಯುತ್ತಿವೆ, ಎರಡೂ ಝೊನುಲಿನ್ ಅಲ್ಲ. ಅಂದರೆ ಒಂದು ಕಿಟ್ಟಿನ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕ ಇಟ್ಟು ಸರಾಸರಿ ತೆಗೆದ ಸಮೀಕ್ಷಾ ಪ್ರಬಂಧಗಳಿಗೆ ಅರ್ಥವೇ ಇಲ್ಲದಂತಾಯಿತು.

ಇಷ್ಟು ಕಾಲ ಇದು ಯಾರ ಕಣ್ಣಿಗೂ ಬೀಳದೆ ಹೇಗೆ ಉಳಿಯಿತು? ನನ್ನ ಲೆಕ್ಕದಲ್ಲಿ ಕಾರಣ ಒಂದೇ: ಫಲಿತಾಂಶ ಸರಿಯಾಗಿ ಕಾಣುತ್ತಿತ್ತು. ಕರುಳು ಸೋರಿದರೆ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ನುಗ್ಗಿ ಉರಿಯೂತ ಹುಟ್ಟಿಸುತ್ತವೆ, ಅದರಿಂದ ಬೊಜ್ಜು, ಮಧುಮೇಹ, ಇನ್ನೇನೇನೋ ಬರುತ್ತವೆ ಎಂಬ ಕಲ್ಪನೆ ಆಗಲೇ ಚಾಲ್ತಿಯಲ್ಲಿತ್ತು. ಕಿಟ್ ಆ ರೋಗಿಗಳಲ್ಲೇ ಹೆಚ್ಚು ತೋರಿಸುತ್ತಿತ್ತು. ಆದರೆ ಕಾಂಪ್ಲಿಮೆಂಟ್ ಪ್ರೋಟೀನುಗಳೂ ಬೊಜ್ಜಿನ ಜೊತೆ ಏರುತ್ತವೆ. ಸಿ3 ಯಕೃತ್ತಿನಲ್ಲಷ್ಟೇ ಅಲ್ಲ, ಕೊಬ್ಬಿನ ಅಂಗಾಂಶದಲ್ಲೂ ತಯಾರಾಗುತ್ತದೆ. ಉರಿಯೂತ ಇರುವ ರೋಗಿಯಲ್ಲಿ ಒಂದು ಪ್ರೋಟೀನ್ ಏರಿದಾಗ ಜೊತೆಗೆ ಹತ್ತಾರು ಏರುತ್ತವೆ. ಅವುಗಳಲ್ಲಿ ಯಾವುದನ್ನು ತಪ್ಪಾಗಿ ಹಿಡಿದರೂ ರೋಗಿ ಮತ್ತು ಆರೋಗ್ಯವಂತರ ನಡುವೆ ವ್ಯತ್ಯಾಸ ಕಾಣುತ್ತದೆ, ಸಂಖ್ಯಾಶಾಸ್ತ್ರದ ಪಿ ಮೌಲ್ಯವೂ ಚೆನ್ನಾಗಿಯೇ ಬರುತ್ತದೆ. ಹಾಗಾಗಿ ಉರಿಯೂತದ ಪ್ರೋಟೀನುಗಳಲ್ಲಿ ರೋಗಿಗಳಲ್ಲಿ ಹೆಚ್ಚು ಎಂಬ ಫಲಿತಾಂಶ ಕಿಟ್ ಸರಿ ಇದೆ ಎಂಬುದಕ್ಕೆ ಸಾಕ್ಷಿಯೇ ಅಲ್ಲ.

ಕಿಟ್ಟಿನ ಜೊತೆ ಬರುವ ಗುಣಮಟ್ಟದ ಅಂಕಿಗಳೂ ಈ ತಪ್ಪನ್ನು ಹಿಡಿಯಲಾರವು. ಒಂದೇ ಸೀರಮ್ಮನ್ನು ಎರಡು ವೆಲ್‌ಗೆ ಹಾಕಿದರೆ ಒಂದೇ ಅಂಕಿ ಬರುತ್ತದೆ ಎಂದರೆ ಪಿಪೆಟ್ ಹಿಡಿದವರ ಕೈ ಸ್ಥಿರವಾಗಿದೆ ಎಂದಷ್ಟೇ ಅರ್ಥ. ಸ್ಟ್ಯಾಂಡರ್ಡ್ ಕರ್ವ್ (ಪ್ರಮಾಣ ಗೊತ್ತಿರುವ ಪ್ರೋಟೀನ್, ಅಂದರೆ ಸ್ಟ್ಯಾಂಡರ್ಡ್, ಹಾಕಿ ಎಳೆದ ಅಳತೆಯ ಗೆರೆ) ಅಂದವಾಗಿ ಕೂತಿದೆ ಎಂದರೆ ಕಿಟ್ ತನ್ನದೇ ಸ್ಟ್ಯಾಂಡರ್ಡನ್ನು ಗುರುತಿಸುತ್ತದೆ ಎಂದರ್ಥ. ಸೀರಮ್‌ಗೆ ಗೊತ್ತಿದ್ದಷ್ಟು ಪ್ರೋಟೀನ್ ಬೆರೆಸಿ ಮತ್ತೆ ಅಳೆಯುವ ಪರೀಕ್ಷೆಯನ್ನು ಕಂಪನಿಗಳು ಬಹಳ ಸಲ ಕಿಟ್ಟಿನದೇ ಸ್ಟ್ಯಾಂಡರ್ಡಿನಿಂದ ಮಾಡುತ್ತವೆ, ಅದು ಸುತ್ತಿ ಸುತ್ತಿ ಅಲ್ಲಿಗೇ ಬರುವ ವಾದ. ಸ್ವತಂತ್ರವಾಗಿ ತಯಾರಾದ ಶುದ್ಧ ಪ್ರೋಟೀನ್ ಬೇಕು. ಇನ್ನೂ ಒಂದು ಪರೀಕ್ಷೆ ಅಗ್ಗದ್ದು, ಆದರೂ ಮಾಡುವವರು ಕಡಿಮೆ. ಹೆಚ್ಚು ಅಂಕಿ ಬಂದ ರೋಗಿಯ ಸೀರಮ್ಮನ್ನು ಎರಡು, ನಾಲ್ಕು, ಎಂಟು, ಹದಿನಾರು ಪಟ್ಟು ತೆಳು ಮಾಡಿ, ಬರುವ ಗೆರೆ ಸ್ಟ್ಯಾಂಡರ್ಡಿನ ಗೆರೆಗೆ ಸಮಾನಾಂತರವಾಗಿ ಹೋಗುತ್ತದೆಯೇ ನೋಡುವುದು. ಬೇರೆ ಪ್ರೋಟೀನ್ ಬೇರೆ ಬಿಗಿಯಲ್ಲಿ ಅಂಟುವುದರಿಂದ ಗೆರೆ ಸಾಮಾನ್ಯವಾಗಿ ಓರೆಯಾಗುತ್ತದೆ. ಅರ್ಧ ಪ್ಲೇಟ್ ಖರ್ಚಾಗುತ್ತದೆ ಎಂಬುದೇ ಇದಕ್ಕೆ ಅಡ್ಡಿ.

ಸಿಆರ್‌ಪಿ ಜೊತೆ ಹೋಲಿಸಿದರೆ ಅಂತರ ಚೆನ್ನಾಗಿ ಕಾಣುತ್ತದೆ. ಸಿಆರ್‌ಪಿಗೆ ವಿಶ್ವ ಆರೋಗ್ಯ ಸಂಸ್ಥೆಯ 85/506 ಎಂಬ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, ಐಎಲ್-6 ಎಂಬ ಇನ್ನೊಂದು ಉರಿಯೂತದ ಪ್ರೋಟೀನಿಗೂ ಅಂಥದ್ದು ಇದೆ. ಬೇರೆ ಬೇರೆ ಕಂಪನಿಗಳು ಅದಕ್ಕೆ ತಮ್ಮ ಕಿಟ್ಟನ್ನು ತಾಳೆ ನೋಡಬಹುದು. ಹುಬ್ಬಳ್ಳಿಯ ಲ್ಯಾಬಿನ ಸಿಆರ್‌ಪಿಯನ್ನೂ ಲಂಡನ್ನಿನದ್ದನ್ನೂ ಪಕ್ಕಪಕ್ಕ ಇಟ್ಟು ಮಾತಾಡಬಹುದಾದ್ದು ಅದರಿಂದ. ಐಎಲ್-6ರಲ್ಲಿ ಸ್ಟ್ಯಾಂಡರ್ಡ್ ಇದ್ದೂ ಕಿಟ್‌ನಿಂದ ಕಿಟ್‌ಗೆ ವ್ಯತ್ಯಾಸ ಉಳಿದೇ ಇದೆ. ಝೊನುಲಿನ್‌ಗೆ ಅಂಥ ಒಪ್ಪಿತ ಸ್ಟ್ಯಾಂಡರ್ಡೇ ಇಲ್ಲ, ಪ್ರತಿ ಕಂಪನಿಗೂ ಅದರದೇ ಅಳತೆಗೋಲು.

ಕಿಟ್ ಬಿದ್ದರೆ ಝೊನುಲಿನ್ ವಾದವೇ ಬಿತ್ತು ಎನ್ನಲಾಗದು. ಶುದ್ಧ ಪ್ರೋಟೀನಿನಿಂದ ಜೀವಕೋಶಗಳ ಮೇಲೆ, ಇಲಿಗಳ ಮೇಲೆ ಮಾಡಿದ ಪ್ರಯೋಗಗಳು ಈ ಕಿಟ್‌ಗಳನ್ನು ನೆಚ್ಚಿಕೊಂಡವಲ್ಲ. ಸೀಲಿಯಾಕ್ ಕಾಯಿಲೆಗೆ ತಯಾರಾದ ಲಾರಾಝೊಟೈಡ್ ಔಷಧಿಯ ಮೂರನೇ ಹಂತದ ಪ್ರಯೋಗವನ್ನು 2022ರಲ್ಲಿ ನಿಲ್ಲಿಸಿದರು, ಆದರೆ ಅದಕ್ಕೆ ಕಾರಣ ಮಧ್ಯಂತರ ವಿಶ್ಲೇಷಣೆಯಲ್ಲಿ ಔಷಧಿಯ ಪ್ರಯೋಜನ ಸಾಬೀತಾಗುವ ಲಕ್ಷಣ ಕಾಣದ್ದು. ಕಿಟ್ಟಿನ ಕಥೆ ಬೇರೆ, ಅದರ ಕಥೆ ಬೇರೆ.

ನಮ್ಮ ಕಡೆಯವರಿಗೆ ಈ ಪ್ರಕರಣದಲ್ಲಿ ಒಂದು ವಿಶೇಷ ತೊಡಕಿದೆ. ಹ್ಯಾಪ್ಟೋಗ್ಲೋಬಿನ್-1 ಜೀನ್ ಜಗತ್ತಿನಲ್ಲೇ ಅತಿ ಕಡಿಮೆ ಇರುವ ಪ್ರದೇಶಗಳಲ್ಲಿ ಭಾರತವೂ ಒಂದು. ಇಲ್ಲಿ ಅದರ ಪ್ರಮಾಣ ಸುಮಾರು 0.1ರಿಂದ 0.2. ವರ್ಗ ಮಾಡಿದರೆ 1-1 ಗುಂಪಿನವರು ನೂರಕ್ಕೆ ಒಬ್ಬರಿಂದ ನಾಲ್ವರು. ನಲವತ್ತು ರೋಗಿಗಳು, ನಲವತ್ತು ಆರೋಗ್ಯವಂತರು ಎಂಬ ನಮ್ಮ ಸ್ನಾತಕೋತ್ತರ ಪ್ರಬಂಧಗಳ ಮಾಮೂಲು ಲೆಕ್ಕದಲ್ಲಿ ಅಂಥವರು ಒಂದಿಬ್ಬರು ಸಿಕ್ಕರೆ ಪುಣ್ಯ. ಅಂದರೆ ಲೈಪ್‌ಝಿಗ್‌ನಲ್ಲಿ ತಪ್ಪನ್ನು ಬಯಲು ಮಾಡಿದ ಆ ಗುಂಪೇ ಇಲ್ಲಿ ಹೆಚ್ಚುಕಡಿಮೆ ಇಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದೇ ಕಿಟ್ ಬಳಸಿದವರಿಗೆ ತಮ್ಮ ಅಂಕಿಅಂಶದಿಂದಲೇ ಎಚ್ಚರಿಕೆ ಸಿಗುವ ಸಂಭವ ಬಹಳ ಕಡಿಮೆ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ದಾರಿ ಇಲ್ಲದಿಲ್ಲ. 1-1 ಗುಂಪಿನ ಶುದ್ಧ ಹ್ಯಾಪ್ಟೋಗ್ಲೋಬಿನ್ ಕೊಳ್ಳಲು ಸಿಗುತ್ತದೆ. ಜೀನಿನ ಇಮ್ಮಡಿ ತುಂಡನ್ನು ಸಾಮಾನ್ಯ ಪಿಸಿಆರ್‌ನಲ್ಲೇ ಗುರುತಿಸಬಹುದು. ಅದೂ ಬೇಡವೆಂದರೆ ಹಳೆಯ ವಿಧಾನವೇ ಇದೆ: ಸೀರಮ್‌ಗೆ ಸ್ವಲ್ಪ ಹಿಮೋಗ್ಲೋಬಿನ್ ಬೆರೆಸಿ ಜೆಲ್‌ನಲ್ಲಿ ಓಡಿಸಿ, ಪೆರಾಕ್ಸಿಡೇಸ್ ಬಣ್ಣ ಹಾಕಿದರೆ 1-1 ಒಂದೇ ಪಟ್ಟಿಯಾಗಿ, 2-2 ಏಣಿಯ ಮೆಟ್ಟಿಲಿನಂಥ ಹಲವು ಪಟ್ಟಿಗಳಾಗಿ ಕಾಣುತ್ತದೆ. ಎಂಎಸ್ಸಿ ಪ್ರಯೋಗಾಲಯದಲ್ಲಿ ಆಗುವ ಕೆಲಸ. ರಕ್ತನಿಧಿಯೊಂದರ ಸಹಕಾರ ಸಿಕ್ಕಿ ಇನ್ನೂರು ಮುನ್ನೂರು ದಾನಿಗಳ ಸೀರಮ್ ಹೀಗೆ ನೋಡಿದರೆ, ಕೈಬೆರಳಲ್ಲಿ ಎಣಿಸುವಷ್ಟಾದರೂ 1-1 ಸೀರಮ್ ಫ್ರೀಜರಿನಲ್ಲಿ ಇಟ್ಟುಕೊಳ್ಳಬಹುದು. ಝೊನುಲಿನ್ ಕಿಟ್‌ನ ಪ್ರತಿ ಪ್ಲೇಟಿನಲ್ಲೂ ಅದರಲ್ಲಿ ಒಂದನ್ನು ಹಾಕಿದರೆ ಸಾಕು.

ರೋಗಿಗಳ ಮಾತು ಬೇರೆ. ಕರುಳಿನ ಆರೋಗ್ಯದ ಪ್ಯಾಕೇಜುಗಳಲ್ಲಿ ಝೊನುಲಿನ್ ಪರೀಕ್ಷೆಯನ್ನೂ ಸೇರಿಸಿ ಮಾರುವುದುಂಟು. ವರದಿಯಲ್ಲಿ ಹೆಚ್ಚು ಎಂದು ಬಂದರೆ ಅದರ ಮೇಲೆ ಗೋಧಿ ಬಿಡುವುದಕ್ಕೂ ಸಪ್ಲಿಮೆಂಟ್ ಕೊಳ್ಳುವುದಕ್ಕೂ ಆಧಾರವಿಲ್ಲ. ಸೀಲಿಯಾಕ್ ಅನುಮಾನ ಇದ್ದರೆ ಟಿಟಿಜಿ-ಐಜಿಎ ಎಂಬ ರಕ್ತ ಪರೀಕ್ಷೆ ಇದೆ, ಬೇಕಾದರೆ ಎಂಡೋಸ್ಕೊಪಿಯಲ್ಲಿ ತುಣುಕು ತೆಗೆದು ನೋಡುತ್ತಾರೆ. ಅದನ್ನು ಮಾಡಿಸುವ ಮೊದಲು ಗೋಧಿ ಬಿಟ್ಟರೆ ಕಾಯಿಲೆ ಇದ್ದರೂ ಇಲ್ಲ ಎಂದು ಫಲಿತಾಂಶ ಬರಬಹುದು, ಇದನ್ನು ಮಾತ್ರ ನೆನಪಿಡಬೇಕು. ಕರುಳು ಸೋರುತ್ತಿದೆಯೇ ಎಂದು ಸಂಶೋಧನೆಗಾಗಿ ನೋಡಬೇಕಾದವರು ಲ್ಯಾಕ್ಟುಲೋಸ್ ಮತ್ತು ಮ್ಯಾನಿಟಾಲ್ ಎಂಬ ಎರಡು ಸಕ್ಕರೆಗಳನ್ನು ಕುಡಿಸಿ, ಮೂತ್ರದಲ್ಲಿ ಎರಡೂ ಎಷ್ಟೆಷ್ಟು ಬಂತು ಎಂದು ಅಳೆಯುತ್ತಾರೆ. ಗಂಟೆಗಟ್ಟಲೆ ಮೂತ್ರ ಸಂಗ್ರಹಿಸಬೇಕು, ಯಾರಿಗೂ ಇಷ್ಟವಿಲ್ಲದ ಕೆಲಸ. ಒಂದು ಹನಿ ಸೀರಮ್‌ನಲ್ಲಿ ಉತ್ತರ ಸಿಗುತ್ತದೆ ಎಂಬ ಕಿಟ್‌ಗೆ ಜನ ಅಷ್ಟು ಬೇಗ ಒಲಿದದ್ದರಲ್ಲಿ ಇದರ ಪಾಲೂ ಇದೆ.

ಈಗಲೂ ಸೀರಮ್ ಝೊನುಲಿನ್ ಅಳೆದ ಪ್ರಬಂಧಗಳು ಬರುತ್ತಲೇ ಇವೆ. ಅವನ್ನು ಓದುವಾಗ ನಾನು ಮೊದಲು ವಿಧಾನದ ಪುಟಕ್ಕೆ ಹೋಗುತ್ತೇನೆ. ಕಿಟ್ಟಿನ ಕಂಪನಿ, ಕ್ಯಾಟಲಾಗ್ ಸಂಖ್ಯೆ, ಲಾಟ್ ಸಂಖ್ಯೆ ಇದೆಯೇ, ಹ್ಯಾಪ್ಟೋಗ್ಲೋಬಿನ್ ಗುಂಪು ನೋಡಿದ್ದಾರೆಯೇ ಎಂದು. ಕೋಷ್ಟಕದ ತಲೆಯಲ್ಲಿ ಝೊನುಲಿನ್ ಎಂದು ಬರೆಯುವ ಬದಲು ಇಂಥ ಕಿಟ್ಟಿನಲ್ಲಿ ಬಂದ ಅಂಕಿ ಎಂದು ಬರೆದಿದ್ದರೆ ಆ ಪ್ರಬಂಧವನ್ನು ಮುಂದಕ್ಕೆ ಓದುತ್ತೇನೆ.